ಅಂಬಕ್ಕನ ಗಾಜು ಒಣಗಿತ್ತು

ನಮ್ಮ ಪ್ರಯೋಗಾಲಯದಲ್ಲಿ ಡಾಕ್ಟರೇಟ್ ಮುಗಿಸಿದವರು ಮೂವರಿದ್ದಾರೆ, ಮುಗಿಸಲು ಒದ್ದಾಡುತ್ತಿರುವವರು ನಾನೂ ಸೇರಿ ಐವರು. ಆದರೆ ಗಾಜಿನ ಪಾತ್ರೆಯನ್ನು ಕೈಯಲ್ಲಿ ಹಿಡಿದು ಇದು ಒಣಗಿದೆ, ಇದು ಒಣಗಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ಒಬ್ಬರೇ. ಅವರು ಓದಿದ್ದು ನಾಲ್ಕನೇ ಇಯತ್ತೆಯವರೆಗೆ, ಅದೂ ಆಳಂದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಹೆಸರು ಅಂಬಾಬಾಯಿ. ಅವರ ಕಥೆ ಹೇಳಲು ಕೂತರೆ ಜೊತೆಗೆ ನನ್ನ ಮಾನವೂ ಸ್ವಲ್ಪ ಹೋಗುತ್ತದೆ. ಹೋಗಲಿ ಬಿಡಿ, ಹೋಗಬೇಕಾದದ್ದೇ.

ನಾನು ಹರ್ಷಿತಾ, ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯವಳು. ಪುಣೆಯ ಒಂದು ರಸಾಯನಶಾಸ್ತ್ರ ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ. ಸಿಟ್ಟು ಬಂದರೆ ಮಾತು ಮೊದಲು, ಯೋಚನೆ ಆಮೇಲೆ. "ಇವಳ ಬಾಯಿಗೆ ಯಾರಾದ್ರೂ ಒಂದು ಬೀಗ ಹಾಕ್ರೋ" ಅಂತ ನಮ್ಮಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಯಾರೂ ಹಾಕಲಿಲ್ಲ.

ಸಂಸ್ಥೆಗೆ ಸೇರಿದ ಮೊದಲ ವಾರ ನನಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಫೋನ್ ಮಾಡಿ, ಊಟ ಸೇರುತ್ತಿಲ್ಲ, ರೂಮು ಸರಿಯಿಲ್ಲ, ವಾಪಸ್ ಬಂದುಬಿಡ್ತೀನಿ ಅಂತ ಅಳುತ್ತಿದ್ದೆ. ಗಾಜಿನ ಪಾತ್ರೆ ತುಂಬಿದ ಟ್ರೇ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬರು ಗಕ್ಕನೆ ನಿಂತರು. ಐವತ್ತರ ಆಸುಪಾಸು, ಇಳಕಲ್ ಸೀರೆ, ಮೇಲೆ ನೀಲಿ ಕೋಟು.

"ಕನ್ನಡದವರೇನ್ರಿ?" ಅಂದರು.

ಹೌದು ಅಂದೆ, ಮೂಗು ಒರೆಸಿಕೊಳ್ಳುತ್ತಾ.

"ಮತ್ತ ಅಳೂದ್ಯಾಕ ತಂಗಿ? ನಾ ಇಲ್ಲೇ ಇದ್ದೀನಲ್ಲ."

ಮರುದಿನ ಮಧ್ಯಾಹ್ನ ಒಂದು ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಬಂತು. ರಾಗಿ ಮುದ್ದೆ ತಿಂದು ಬೆಳೆದ ನನಗೆ ಆ ರೊಟ್ಟಿ ಮೊದಲು ಗಂಟಲಲ್ಲಿ ಇಳಿಯಲಿಲ್ಲ. ಆದರೂ ಕಣ್ಣಲ್ಲಿ ನೀರು ಹಾಕಿಕೊಂಡೇ ಎರಡು ರೊಟ್ಟಿ ತಿಂದೆ. ಎಲ್ಲರೂ ಅವರನ್ನು ಪುಣೆಯ ವಾಡಿಕೆಯಂತೆ 'ಮಾವಶಿ', ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ನಾನು ಅಂದಿನಿಂದ ಅಂಬಕ್ಕ ಅಂದೆ, ಅವರು ನನ್ನನ್ನು ತಂಗಿ ಅಂದರು.

ಅಂಬಕ್ಕ ಪುಣೆಗೆ ಬಂದದ್ದು ಇಪ್ಪತ್ಮೂರು ವರ್ಷದ ಹಿಂದೆ, ಗಂಡ ಕಾಡಪ್ಪನವರ ಜೊತೆ, ಕಟ್ಟಡದ ಕೆಲಸಕ್ಕೆ. ಕಾಡಪ್ಪನವರು ಈಗ ಹಡಪಸರದ ಕಡೆ ಮೇಸ್ತ್ರಿ. ಆಗ ಇಬ್ಬರೂ ಕೂಲಿಗಳು. ಅಂಬಕ್ಕ ಹೊತ್ತ ಮೊದಲ ಕಾಂಕ್ರೀಟ್ ಬುಟ್ಟಿ ಬಿದ್ದದ್ದು ನಮ್ಮ ಪ್ರಯೋಗಾಲಯ ಇರುವ ಈ ಕಟ್ಟಡಕ್ಕೇ. ಎರಡನೇ ಮಹಡಿಯ ಕಿಟಕಿ ಪಕ್ಕದ ಕಂಬವನ್ನು ತೋರಿಸಿ, "ಇದರಾಗ ನನ್ನ ಬೆವರು ಭಾಳ ಅದ ತಂಗಿ" ಅನ್ನುತ್ತಾರೆ. ಕಟ್ಟಡ ಮುಗಿದ ಮೇಲೆ ಅಲ್ಲೇ ಕಸ ಗುಡಿಸುವ ಕೆಲಸ ಸಿಕ್ಕಿತು. ಆಗ ಗಾಜು ತೊಳೆಯುತ್ತಿದ್ದವರು ಮೋಹನದಾಸ್ ಎಂಬ ಹಿರಿಯರು, ಬಹಳ ಕಟ್ಟುನಿಟ್ಟಿನ ಮನುಷ್ಯ. ಅಂಬಕ್ಕ ಎರಡು ವರ್ಷ ಅವರ ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತು, ಬರೀ ನೋಡಿಯೇ ಕೆಲಸ ಕಲಿತರು. ಮೋಹನದಾಸ್ ನಿವೃತ್ತರಾಗುವ ದಿನ, ಬೇರೆ ಯಾರ ಕೈಗೂ ಅಲ್ಲ, ಇವರ ಕೈಗೇ ಗಾಜಿನ ಕೋಣೆಯ ಬೀಗದ ಕೈ ಕೊಟ್ಟು ಹೋದರು.

ಆ ಕೋಣೆಯಲ್ಲಿ ಅಂಬಕ್ಕನದೇ ಆಳ್ವಿಕೆ. ಪಾತ್ರೆ ಮೊದಲು ಕ್ಷಾರದ ತೊಟ್ಟಿಗೆ, ಆಮೇಲೆ ಆಮ್ಲಕ್ಕೆ, ಆಮೇಲೆ ಏಳು ಸಲ ಶುದ್ಧ ನೀರಿಗೆ, ಕೊನೆಗೆ ಬಿಸಿ ಪೆಟ್ಟಿಗೆಗೆ. ಪೆಟ್ಟಿಗೆಯ ಬಾಗಿಲು ಮುಚ್ಚಿದ ಮೇಲೆ ಹಿಡಿಕೆಗೆ ಒಂದು ಕೆಂಪು ದಾರ ಕಟ್ಟುತ್ತಾರೆ. ಇಡೀ ದಿನ ಮುಗಿಯುವ ತನಕ ಅದನ್ನು ಯಾರೂ ಬಿಚ್ಚುವಂತಿಲ್ಲ. ಒಮ್ಮೆ ನಮ್ಮ ಸೀನಿಯರ್ ಒಬ್ಬ ಅವಸರಕ್ಕೆ ದಾರ ಹರಿದು ಒಂದು ಪಾತ್ರೆ ತೆಗೆದುಕೊಂಡ. ಅಂಬಕ್ಕ ಉಳಿದ ಹದಿನೆಂಟು ಪಾತ್ರೆಗಳನ್ನೂ ಹೊರಗೆ ತೆಗೆದು ಮತ್ತೆ ಮೊದಲಿನಿಂದ ತೊಳೆಯಲು ಕೂತರು. ಅವನು ನಾಚಿಕೊಂಡು ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ಸಂಗತಿ. ಅಂಬಕ್ಕನ ಮನೆದೇವರು ಮೈಲಾರಲಿಂಗ. ಇಲ್ಲಿಯವರು ಅದೇ ದೇವರನ್ನು ಖಂಡೋಬಾ ಅನ್ನುತ್ತಾರೆ. ವರ್ಷಕ್ಕೆ ಮೂರ್ನಾಲ್ಕು ಸಲ ಅಂಬಕ್ಕ ಜೇಜುರಿಗೆ ಹೋಗಿ, ಭಂಡಾರ ಎಂದು ಕರೆಯುವ ಅರಿಶಿನದ ಪುಡಿಯಲ್ಲಿ ತಲೆಯಿಂದ ಕಾಲಿನ ತನಕ ಮಿಂದು ಬರುತ್ತಾರೆ. ದಿನವೂ ಹಣೆಗೆ ಭಂಡಾರ ಹಚ್ಚಿಕೊಂಡೇ ಮನೆ ಬಿಡುತ್ತಾರೆ. ಆದರೆ ಗಾಜಿನ ಕೋಣೆಗೆ ಕಾಲಿಡುವ ಮುಂಚೆ ನಲ್ಲಿಯ ಹತ್ತಿರ ನಿಂತು ಅದನ್ನು ಒರೆಸಿ, ಬಳೆ ಬಿಚ್ಚಿಟ್ಟು, ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಾರೆ. "ದೇವರು ಸಿಟ್ಟು ಮಾಡ್ಕೊಳ್ಳಲ್ವಾ ಅಂಬಕ್ಕ?" ಅಂತ ಒಮ್ಮೆ ಕೀಟಲೆ ಮಾಡಿದ್ದೆ.

"ದೇವರಿಗಿ ನನ್ನ ಕೆಲಸ ಗೊತ್ತದ," ಅಂದಿದ್ದರು.

ಇನ್ನು ನನ್ನ ಕೆಲಸದ ಬಗ್ಗೆ ನಾಲ್ಕು ಮಾತು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಲೋಹದ ತುಂಡಿನ ಮೇಲೆ ಬಂದು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ. ಇದಕ್ಕೆ ಅಪಕರ್ಷಣೆ ಎಂದು ಹೆಸರು. ಗಾಳಿಯನ್ನು ಉಸಿರಾಡಿ ಓಡುವ ಬ್ಯಾಟರಿಗಳಿಗೆಲ್ಲ ಇದೇ ಜೀವಾಳ. ನೀರಿನಲ್ಲಾದರೆ ಆಮ್ಲಜನಕ ಒಂದಾದ ಮೇಲೊಂದು ಎಲೆಕ್ಟ್ರಾನ್ ತೆಗೆದುಕೊಂಡು ನೀರೇ ಆಗಿಬಿಡುತ್ತದೆ, ಹಿಂದಕ್ಕೆ ಬರುವ ಮಾತೇ ಇಲ್ಲ. ಆದರೆ ನಾನು ಬಳಸುವುದು ನೀರಲ್ಲ, ದ್ರವವಾಗಿರುವ ಉಪ್ಪು. ಒಂದು ಹನಿ ನೀರು ಬೆರೆಸದೆಯೂ ಜೇನಿನ ಹಾಗೆ ಹರಿಯುವ ಉಪ್ಪು! ಅದರೊಳಗೆ ಆಮ್ಲಜನಕ ಒಂದೇ ಒಂದು ಎಲೆಕ್ಟ್ರಾನ್ ತೆಗೆದುಕೊಂಡು ಸೂಪರಾಕ್ಸೈಡ್ ಆಗಿ ನಿಲ್ಲುತ್ತದೆ. ವೋಲ್ಟೇಜನ್ನು ಹಿಂದಕ್ಕೆ ತಿರುಗಿಸಿದರೆ ಆ ಎಲೆಕ್ಟ್ರಾನನ್ನು ಮರಳಿ ಕೊಟ್ಟು ಮತ್ತೆ ಆಮ್ಲಜನಕವಾಗುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಹೋದದ್ದಕ್ಕೆ ಒಂದು ತಗ್ಗು, ಮರಳಿ ಬಂದದ್ದಕ್ಕೆ ಒಂದು ದಿಬ್ಬ ಕಾಣುತ್ತದೆ.

ಆ ದಿಬ್ಬವೇ ನನ್ನ ಪ್ರಬಂಧ. ಆದರೆ ಸೂಪರಾಕ್ಸೈಡಿಗೆ ಪ್ರೋಟಾನ್ ಎಂದರೆ ಪ್ರಾಣ. ಎಲ್ಲಿಂದಲಾದರೂ ಸ್ವಲ್ಪ ತೇವ ಸೇರಿತೋ, ಅದರಿಂದ ಪ್ರೋಟಾನ್ ಕಿತ್ತುಕೊಂಡು ಬೇರೆಯೇ ವಸ್ತುವಾಗುತ್ತದೆ. ಆಗ ತಗ್ಗು ಉಳಿಯುತ್ತದೆ, ದಿಬ್ಬ ಮಾಯ. ಹಾಗಾಗಿ ಪಾತ್ರೆ ಕಟ್ಟಾ ಒಣಗಿರಬೇಕು. ಒಂದೂವರೆ ವರ್ಷ ಅಂಬಕ್ಕ ಒಣಗಿಸಿ ಕೊಟ್ಟ ಪಾತ್ರೆಗಳಲ್ಲಿ ನನಗೆ ದಿಬ್ಬ ಬಂದೇ ಬಂತು, ಒಂದು ದಿನವೂ ತಪ್ಪಲಿಲ್ಲ. ನಾನು ಅದನ್ನು ನನ್ನ ಕೈಗುಣ ಅಂದುಕೊಂಡಿದ್ದೆ.

ಕಳೆದ ವರ್ಷ ಖಂಡೇನವಮಿಯ ದಿನ ಪ್ರಯೋಗಾಲಯದ ಯಂತ್ರಗಳಿಗೆ ಪೂಜೆ ಇತ್ತು. ನಮ್ಮೂರಲ್ಲಿ ಆಯುಧಪೂಜೆ ಅಂದರೆ ಟ್ರ್ಯಾಕ್ಟರಿನಿಂದ ಹಿಡಿದು ಹೊಲಿಗೆ ಯಂತ್ರದ ತನಕ ಎಲ್ಲಕ್ಕೂ ಅರಿಶಿನ ಕುಂಕುಮ. ನಾನು ಸಂಭ್ರಮದಲ್ಲಿ ಮುಂದೆ ನಿಂತೆ. ಅಂಬಕ್ಕ ಹಿಂದಿನ ವಾರವಷ್ಟೇ ಜೇಜುರಿಯಿಂದ ತಂದ ಭಂಡಾರವನ್ನು ಎಲ್ಲರಿಗೂ ಒಂದೊಂದು ಪೊಟ್ಟಣ ಕೊಟ್ಟು, "ಹಣಿಗಿ ಹಚ್ಕೋರಿ" ಎಂದು ಹೇಳಿ ಮನೆಗೆ ಹೋಗಿದ್ದರು. ನಾನು ಹಣೆಗೆ ಹಚ್ಚಿಕೊಂಡೆ. ಆಮ್ಲಜನಕದ ಸಿಲಿಂಡರಿಗೂ ಹಚ್ಚಿದೆ, ಮೀಟರಿಗೂ ಹಚ್ಚಿದೆ, ಚೆಂಡುಹೂವಿನ ಹಾರವನ್ನೂ ಹಾಕಿದೆ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ.

ರಜೆ ಮುಗಿಸಿ ಬಂದು ಪ್ರಯೋಗಕ್ಕೆ ಕೂತರೆ, ದಿಬ್ಬ ಇಲ್ಲ.

ಇನ್ನೊಂದು ಸಲ ಮಾಡಿದೆ. ಇಲ್ಲ. ಹತ್ತು ಸಲ ಮಾಡಿದೆ. ತಗ್ಗು ಇದೆ, ದಿಬ್ಬದ ಜಾಗದಲ್ಲಿ ಸಪಾಟು ಗೆರೆ. ಉಪ್ಪುದ್ರವದ ಹೊಸ ಬಾಟಲಿ ತೆರೆದೆ, ಲೋಹದ ತುಂಡನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ, ಸಿಲಿಂಡರ್ ಬದಲಾಯಿಸಿದೆ. ಮೂರು ವಾರ ತಲೆ ಕೆಟ್ಟು ಗೊಬ್ಬರವಾಯಿತು. ಬಾಟಲಿಯಲ್ಲಿದ್ದ ಉಪ್ಪುದ್ರವದ ತೇವ ಅಳೆದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪಾತ್ರೆಯೊಳಗಿನದನ್ನು ಅಳೆಯೋಣವೆಂದರೆ ಅದು ಅರ್ಧ ಚಮಚೆಯೂ ಇರುವುದಿಲ್ಲ. ಬಾಟಲಿ ಒಣಗಿದೆ, ಪಾತ್ರೆಗೆ ಹೋದಮೇಲೆ ಕೆಡುತ್ತಿದೆ. ಹಾಗಾದರೆ ದೋಷ ಗಾಜಿನದು, ಗಾಜು ಅಂದರೆ ಅಂಬಕ್ಕ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅಂಬಕ್ಕ ನನ್ನ ಮೇಜಿನ ಹತ್ತಿರ ಬಂದರು. "ತಂಗಿ, ಒಂದು ಮಾತು. ನಿನ್ನ ಪಾತ್ರಿ ಕ್ಷಾರದಾಗ ಹಾಕಿದ ಕೂಡಲೇ ನೀರು ಕೆಂಪಗ ಆಗ್ಲಾಕತ್ತದ. ಉಳಿದೋರ ಪಾತ್ರಿ ಹಂಗ ಆಗಲ್ಲ. ಒಮ್ಮಿ ಬಂದು ನೋಡು."

ನಾನು ತಲೆಯನ್ನೂ ಎತ್ತಲಿಲ್ಲ. "ನೀರಿನ ಬಣ್ಣ ಕಟ್ಕೊಂಡು ನನಗೇನಾಗ್ಬೇಕು ಅಂಬಕ್ಕ? ನಿಮ್ಮ ಕೆಲಸ ಒಣಗಿಸೋದು. ಅದನ್ನ ನೆಟ್ಟಗೆ ಮಾಡಿದ್ರೆ ಸಾಕು. ಮೂರು ವಾರದಿಂದ ನಿಮ್ಮ ಹಸಿ ಗಾಜಲ್ಲಿ ನನ್ನ ಜೀವನ ಹಾಳಾಗ್ತಿದೆ!"

ಇಡೀ ಪ್ರಯೋಗಾಲಯ ತಿರುಗಿ ನೋಡಿತು. ಕನ್ನಡ ಬಾರದವರಿಗೂ ಅರ್ಥವಾಗುವಷ್ಟು ಜೋರಾಗಿತ್ತು ನನ್ನ ದನಿ. "ನನ್ನ ಗಾಜ ಒಣಗ್ಯಾದ್ರಿ, ಮೇಡಂ," ಅಂದು ಅಂಬಕ್ಕ ಹೊರಟುಹೋದರು.

ಮೇಡಂ! ಮೂರು ವರ್ಷದಲ್ಲಿ ಒಮ್ಮೆಯೂ ಆ ಬಾಯಲ್ಲಿ ನನಗಾಗಿ ಬಾರದ ಮಾತು. ನನಗೆ ಚುರುಕ್ಕೆಂದಿತು. ಆದರೆ ನನ್ನ ಹಟ ಇನ್ನೂ ದೊಡ್ಡದಿತ್ತು. ಪ್ರಯೋಗದ ದಾಖಲೆ ಪುಸ್ತಕ ತೆಗೆದು, 'ಕಾರಣ: ಗಾಜು ಸರಿಯಾಗಿ ಒಣಗಿಲ್ಲ, ಅಂಬಾಬಾಯಿ' ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಗೆರೆ ಎಳೆದೆ.

ನಮ್ಮ ಮಾರ್ಗದರ್ಶಕಿ ಪಾನಸೆ ಮೇಡಂ, ಪುಣೆಯ ಹಳೇ ಪೇಟೆಯವರು, ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ದೇವರ ಮಾತಿನಂತೆ ನಂಬುವವರು. ಗುರುವಾರ ಅದನ್ನು ಓದಿದರು. ಅಂಬಕ್ಕನನ್ನು ಕರೆದು, ಮಾವಶಿ, ನಿಮಗೂ ವಯಸ್ಸಾಯಿತು, ಸೋಮವಾರದಿಂದ ಗಾಜಿನ ಕೋಣೆಗೆ ಏಜೆನ್ಸಿಯಿಂದ ಬೇರೆಯವರು ಬರುತ್ತಾರೆ, ನೀವು ಕೆಳಗಿನ ವರಾಂಡ ನೋಡಿಕೊಳ್ಳಿ, ಸಂಬಳ ಅಷ್ಟೇ ಇರುತ್ತದೆ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಂಬಕ್ಕ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಶನಿವಾರದ ತನಕ ಕೋಣೆ ನನ್ನದೇ ಅಲ್ಲವೇ ಎಂದು ಕೇಳಿದರು. ಪಾನಸೆ ಮೇಡಂ ಹೌದು ಎಂದರು. ಹದಿನೆಂಟು ವರ್ಷ ಸೊಂಟದಲ್ಲಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹೋದರು. ಮತ್ತೆ ಕಸಬರಿಗೆಗೇ ವಾಪಸ್ ಎಂದಾಗ ಆ ಜೀವಕ್ಕೆ ಏನಾಗಿರಬೇಕು, ಅದನ್ನು ಯೋಚಿಸುವಷ್ಟು ಬುದ್ಧಿ ನನಗೆ ಆಗ ಬಂದಿರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಅಂಬಕ್ಕ ನಮ್ಮ ಪ್ರಯೋಗಾಲಯದೊಳಗೆ ಬಂದರು. ಕೈಯಲ್ಲಿ ಒಂದು ಒಣಗಿದ ಪಾತ್ರೆ, ಕ್ಷಾರದ ನೀರಿನ ಒಂದು ಬಟ್ಟಲು, ಹತ್ತಿ, ಜೊತೆಗೆ ಅವರ ಎಲೆ ಅಡಿಕೆಯ ಚೀಲ. ಆ ಚೀಲ ಕೆಳಗಿನ ಕಪಾಟು ಬಿಟ್ಟು ಮೇಲೆ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಪಾನಸೆ ಮೇಡಂ ಏನೋ ಕೇಳಲು ನನ್ನ ಮೇಜಿನ ಬಳಿ ಬಂದಿದ್ದರು.

"ಮೇಡಂ, ಐದು ಮಿಂಟ ನಿಂದರ್ರಿ," ಎಂದು ಅಂಬಕ್ಕ ಇಬ್ಬರಿಗೂ ಸೇರಿಸಿ ಹೇಳಿದರು. ಆಮೇಲೆ ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ, ಹೀಗೆ ಮಾತಾಡುತ್ತಾ ಹೋದರು.

ಮೊದಲು ಆ ಒಣಗಿದ ಪಾತ್ರೆಗೆ ಕ್ಷಾರದ ನೀರು ಹಾಕಿ ತಿರುಗಿಸಿದರು. ನೀರು ತಿಳಿಯಾಗಿಯೇ ಉಳಿಯಿತು. "ಇದು ನಾ ಕೊಡೂ ಗಾಜ. ಇದರಾಗ ಏನೂ ಇಲ್ಲ." ಆಮೇಲೆ ನಾನು ಹಿಂದಿನ ದಿನ ಪ್ರಯೋಗ ಮುಗಿಸಿ ತೊಳೆಯಲು ಇಟ್ಟಿದ್ದ ಪಾತ್ರೆಗೆ ಅದೇ ನೀರು ಹಾಕಿದರು. ಕಣ್ಣೆದುರೇ ನಸುಗೆಂಪಾಯಿತು. "ಇದು ನೀವು ನಂಗ ತಿರಗಿ ಕೊಡೂ ಗಾಜ. ನಡುವ ಏನೋ ಬಿದ್ದದ. ಏನದು?"

ಪಾನಸೆ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಆ ಕೆಂಪು ನನಗೆ ಗೊತ್ತಿತ್ತು. ಮದುಮಕ್ಕಳು ಮನೆಗೆ ಬಂದಾಗ ತಟ್ಟೆಯಲ್ಲಿ ಇಟ್ಟುಕೊಂಡು ದೃಷ್ಟಿ ತೆಗೆಯುವ ನೀರಿನ ಕೆಂಪು. ಅದನ್ನು ಮಾಡುವುದು ಹೇಗೆಂದು ಕನ್ನಡ ನಾಡಿನ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾಗಿಲ್ಲ. ಅರಿಶಿನಕ್ಕೆ ಸುಣ್ಣ.

"ಆರತಿ ನೀರು ಅದು," ಅಂದರು ಅಂಬಕ್ಕ. "ಅರಿಶಿಣ ಇಲ್ಲದ ಹಂಗ ಕೆಂಪ ಆಗಲ್ಲ. ಎರಡು ದಿನ ಹುಡುಕೀನಿ. ಗಾಜದಾಗ ಇಲ್ಲ, ಬಾಟ್ಲಿದಾಗ ಇಲ್ಲ. ನಂಗ ತೊಳಿಲಾಕ ಕೊಡದೆ ಇದ್ದದ್ದು ಒಂದೇ ಉಳೀತು." ಸಿಲಿಂಡರಿನಿಂದ ಪಾತ್ರೆಗೆ ಆಮ್ಲಜನಕ ತರುವ ಪ್ಲಾಸ್ಟಿಕ್ ನಳಿಗೆಯನ್ನು ತೋರಿಸಿ, ಕಳಚಲು ಕಣ್ಣಲ್ಲೇ ನನ್ನ ಅಪ್ಪಣೆ ಕೇಳಿದರು. ನಾನು ತಲೆಯಾಡಿಸಿದೆ. ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಒದ್ದೆ ಹತ್ತಿಗೆ ಚೂರು ಸುಣ್ಣ ಸವರಿ, ನಳಿಗೆಯ ಬಾಯೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿ ತೆಗೆದರು.

ಹತ್ತಿ ರಕ್ತದಷ್ಟು ಕೆಂಪಗಿತ್ತು.

ನಾವು ಬಳಸುವ ಉಪ್ಪುದ್ರವ ಮೊದಲೇ ತೆಳುವಾಗಿ ಹಳದಿ. ಅದರಲ್ಲಿ ಇನ್ನಷ್ಟು ಹಳದಿ ಸೇರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅರಿಶಿನದ ಬಣ್ಣದಲ್ಲೇ ಪ್ರೋಟಾನ್ ಇದೆ, ಸೂಪರಾಕ್ಸೈಡ್ ಅದನ್ನು ಬಿಡುವುದುಂಟೇ? ನನ್ನ ದಿಬ್ಬವನ್ನು ನುಂಗಿದ್ದು ನೀರಲ್ಲ. ಇಷ್ಟು ಯೋಚನೆ ತಲೆಯಲ್ಲಿ ಓಡುತ್ತಿರುವಾಗಲೇ ಪಾನಸೆ ಮೇಡಂ ತಲೆ ಎತ್ತಿದರು. ಮುಖ ಗಂಟಾಗಿತ್ತು.

"ಮಾವಶಿ, ಅರಿಶಿನ ಅಂದರೆ ಭಂಡಾರ. ಈ ಕಟ್ಟಡಕ್ಕೆ ಭಂಡಾರ ತರುವವರು ನೀವೊಬ್ಬರೇ," ಅಂದರು.

ನೋಡಿ, ತನ್ನ ಗಾಜನ್ನು ಉಳಿಸಿಕೊಳ್ಳಲು ತಂದ ಸಾಕ್ಷಿಯೇ ಅಂಬಕ್ಕನ ಕೊರಳಿಗೆ ಬಂತು. ಅವರು ಹತ್ತಿಯನ್ನು ಮೇಜಿನ ಮೇಲಿಟ್ಟರು.

"ತಂದದ್ದು ನಾನ. ಆ ನಳಿಗಿಗಿ ಹಚ್ಚಿದ್ದು ನಾನಲ್ಲ."

"ಮತ್ತೆ ಯಾರು?"

ಅಂಬಕ್ಕ ಯಾರ ಕಡೆಗೂ ನೋಡಲಿಲ್ಲ. ಹತ್ತಿಯ ಕಡೆ ನೋಡುತ್ತಾ ನಿಂತರು. ಅವರಿಗೆ ಗೊತ್ತಿತ್ತು. ಮೀಟರಿನ ಮೇಲಿನ ಹಳದಿ ಬೆರಳಚ್ಚು ಇನ್ನೂ ಅಳಿಸಿರಲಿಲ್ಲ, ಆ ಮೇಜಿನಲ್ಲಿ ಕೆಲಸ ಮಾಡುವವಳು ನಾನೊಬ್ಬಳೇ. ಒಂದು ಹೆಸರು ಹೇಳಿದ್ದರೆ ಅವರ ಕೋಣೆ ಉಳಿಯುತ್ತಿತ್ತು. ಹೇಳಲಿಲ್ಲ.

ನನಗೆ ಆಗ ನೆನಪಾಯಿತು. ಹಾರ ಹಾಕುವಾಗ ನಳಿಗೆ ಕಳಚಿಕೊಂಡಿತ್ತು. ಪೊಟ್ಟಣದಲ್ಲಿ ಅದ್ದಿದ ಬೆರಳುಗಳಲ್ಲೇ ಹಿಡಿದು ಮತ್ತೆ ಒಳಗೆ ಒತ್ತಿದ್ದೆ. ಕೈಯಲ್ಲಿ ಮೆತ್ತಿದ್ದ ಪುಡಿಯೆಲ್ಲ ನಳಿಗೆಯ ಬಾಯಿಗೆ ಹೋಗಿತ್ತು. ಆಮೇಲೆ ನಾನು ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದೆ. ನಾಲ್ಕನೇ ಇಯತ್ತೆ ಓದಿದ ಹೆಂಗಸು ದೇವರ ಪ್ರಸಾದವನ್ನೂ ಒರೆಸಿ ಒಳಗೆ ಬರುತ್ತಾರೆ. ಎಂಎಸ್‌ಸಿಯಲ್ಲಿ ಚಿನ್ನದ ಪದಕ ತೆಗೆದವಳು ಅರಿಶಿನದ ಕೈಯಲ್ಲಿ ಆಮ್ಲಜನಕದ ನಳಿಗೆ ಮುಟ್ಟುತ್ತಾಳೆ.

"ನಾನೇ ಮೇಡಂ," ಅಂದೆ. "ಪೂಜೆ ದಿನ ಹಚ್ಚಿದ್ದು ನಾನು. ಗಾಜು ಹಸಿ ಇದೆ ಅಂತ ಬರೆದದ್ದೂ ನಾನೇ. ಎರಡೂ ನನ್ನದೇ ತಪ್ಪು."

ಪಾನಸೆ ಮೇಡಂ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ, ಅದರ ವರ್ಣನೆ ಬೇಡ. ಆಮೇಲೆ ಅಂಬಕ್ಕನ ಕಡೆ ತಿರುಗಿ, ಮಾವಶಿ, ನಾನೂ ಕೇಳದೆ ತೀರ್ಮಾನ ಮಾಡಿದೆ, ತಪ್ಪಾಯಿತು, ಕೋಣೆ ನಿಮ್ಮದೇ, ಬೇರೆ ಯಾರೂ ಬರುವುದಿಲ್ಲ ಎಂದರು. ಅಂಬಕ್ಕ ಅದಕ್ಕೆ ಕೈ ಮುಗಿಯಲಿಲ್ಲ, ಹಲ್ಲು ಕಿರಿಯಲಿಲ್ಲ. ನನ್ನ ದಾಖಲೆ ಪುಸ್ತಕದ ಕಡೆ ಬೆರಳು ತೋರಿಸಿದರು.

"ಅದರಾಗ ನನ್ನ ಹೆಸರು ಬರದೀರಂತಲ್ರಿ. ಏನ್ ಬರದೀರಿ, ಓದ್ರಿ."

ಓದಿದೆ. ಕನ್ನಡಕ್ಕೆ ಬದಲಾಯಿಸಿ, ಎಲ್ಲರೆದುರು.

"ಈಗ ಖರೇದು ಬರೀರಿ. ಕನ್ನಡದಾಗ ಬರೀರಿ, ನಂಗ ಓದಾಕ ಬರ್ತದ."

ಹಳೆಯದನ್ನು ಹೊಡೆದುಹಾಕಿ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: 'ಅಂಬಾಬಾಯಿಯವರ ಗಾಜು ಒಣಗಿತ್ತು. ನಳಿಗೆಯಲ್ಲಿ ಅರಿಶಿನ ಇತ್ತು. ಹಾಕಿದವಳು ಹರ್ಷಿತಾ.' ಅಂಬಕ್ಕ ಪುಸ್ತಕ ತಿರುಗಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿ, ಮುಚ್ಚಿಟ್ಟು, ಎಲೆ ಅಡಿಕೆ ಚೀಲ ಎತ್ತಿಕೊಂಡು ಹೋದರು. ಪೂರ್ತಿ ಇಂಗ್ಲಿಷಿನ ಆ ಪುಸ್ತಕದಲ್ಲಿ ಅದೊಂದೇ ಪುಟ ಕನ್ನಡದ್ದು. ಪಾನಸೆ ಮೇಡಂ ಅದರ ಕೆಳಗೆ ತಾರೀಖು ಹಾಕಿ ಸಹಿ ಮಾಡಿದ್ದಾರೆ.

ಸೋಮವಾರ ಹೊಸ ನಳಿಗೆ ಹಾಕಿ ಪ್ರಯೋಗಕ್ಕೆ ಕೂತೆ. ಗೆರೆ ತಗ್ಗಿಗೆ ಇಳಿಯಿತು, ತಿರುಗಿತು, ನಿಧಾನವಾಗಿ ಮೇಲೆದ್ದಿತು. ದಿಬ್ಬ! ನಾನು ಕಿರುಚಿದ್ದಕ್ಕೆ ಪಕ್ಕದ ಕೋಣೆಯವರೂ ಓಡಿ ಬಂದರು. ನಾನು ಮಾತ್ರ ಗಾಜಿನ ಕೋಣೆಗೆ ಓಡಿದೆ.

"ಬಂತು ಅಂಬಕ್ಕ! ಹೋದದ್ದು ವಾಪಸ್ ಬಂತು!"

"ಚೊಲೋ ಆತ್ರಿ, ಮೇಡಂ," ಅಂದರು, ಪಾತ್ರೆ ತೊಳೆಯುತ್ತಲೇ. ನಗು ಇತ್ತು, ಆದರೆ ತಂಗಿ ಇರಲಿಲ್ಲ. ತಪ್ಪು ಒಪ್ಪಿಕೊಂಡಿದ್ದೆ, ಪುಸ್ತಕದಲ್ಲಿ ಬರೆದಿದ್ದೆ, ಆದರೂ ಜೋರಾಗಿ ಕೂಗಿದ ಆ ಮಾತು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ?

ಆಮೇಲೆ ಆದದ್ದು ತಮಾಷೆ. ಪಾನಸೆ ಮೇಡಂಗೆ ಅರಿಶಿನ ತಲೆಯಲ್ಲಿ ಕೂತುಬಿಟ್ಟಿತು. ತಪ್ಪಾಗಿ ಬಿದ್ದದ್ದನ್ನು ಈಗ ತೂಕ ಮಾಡಿ ಹಾಕೋಣ, ಅರಿಶಿನದ ಬಣ್ಣವನ್ನು ಚೂರು ಚೂರೇ ಸೇರಿಸುತ್ತಾ ಹೋದರೆ ದಿಬ್ಬ ಹೇಗೆ ಕರಗುತ್ತದೆ ನೋಡೋಣ ಅಂದರು. ನೋಡಿದೆವು. ಪ್ರೋಟಾನ್ ಸಿಕ್ಕಂತೆಲ್ಲ ದಿಬ್ಬ ಕುಗ್ಗುತ್ತಾ, ತಗ್ಗು ಆಳವಾಗುತ್ತಾ, ಒಂದು ಎಲೆಕ್ಟ್ರಾನಿನ ಆಟ ಎರಡು ಎಲೆಕ್ಟ್ರಾನಿನ ಆಟವಾಗುವುದು ಮೆಟ್ಟಿಲು ಮೆಟ್ಟಿಲಾಗಿ ಕಾಣಿಸಿತು. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಅದೇ, ಮತ್ತು ಪ್ರಬಂಧದಲ್ಲಿ ನನಗೆ ಹೆಮ್ಮೆ ಎನಿಸುವ ಅಧ್ಯಾಯವೂ ಅದೊಂದೇ. ಅದಕ್ಕೆ ದಿನಕ್ಕೆ ಎಂಟು ಹತ್ತು ಒಣಗಿದ ಪಾತ್ರೆ ಬೇಕಿತ್ತು. ಅಷ್ಟನ್ನೂ ಅಂಬಕ್ಕನ ತಲೆಗೆ ಕಟ್ಟಲು ನನಗೆ ಮುಖವಿರಲಿಲ್ಲ.

"ನನಗೂ ಕಲಿಸಿ ಅಂಬಕ್ಕ. ನನ್ನ ಪಾತ್ರೆ ನಾನೇ ಒಣಗಿಸ್ಕೋತೀನಿ," ಎಂದು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಳಿ ತಗೀರಿ," ಅಂದರು.

ಒಂದು ತಿಂಗಳು ಅವರ ಕೈ ಕೆಳಗೆ ಕೆಲಸ ಮಾಡಿದೆ. ಏಳು ಸಲ ಅಂದರೆ ಏಳೇ ಸಲ. ಆರಕ್ಕೆ ನಿಲ್ಲಿಸಿದರೆ ಬೆನ್ನು ತಿರುಗಿಸಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಮೊದಲ ಸಲ ನಾನು ಒಣಗಿಸಿದ ಹನ್ನೆರಡು ಪಾತ್ರೆಗಳನ್ನು ಅಂಬಕ್ಕ ಒಂದೊಂದಾಗಿ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ತಟ್ಟಿ, ಹನ್ನೆರಡನ್ನೂ ವಾಪಸ್ ತೊಟ್ಟಿಗೆ ಹಾಕಿದರು. ಎರಡನೇ ಸಲವೂ ಹಾಗೇ. ಸಿಟ್ಟು ಮೂಗಿನ ತುದಿಗೆ ಬಂತು. ನುಂಗಿಕೊಂಡೆ. ನುಂಗಿಕೊಂಡದ್ದು ಅವರಿಗೆ ಕಾಣಿಸಿತು, ನಗುವನ್ನು ಸೆರಗಿನಲ್ಲಿ ಒರೆಸಿಕೊಂಡರು.

ಮೂರನೇ ಸಲ, ಬಿಸಿ ಪೆಟ್ಟಿಗೆಯ ದಾರವನ್ನು ನಾನೇ ಕಟ್ಟಿ ನಾನೇ ಬಿಚ್ಚಿದೆ. ಅಂಬಕ್ಕ ಮೊದಲ ಪಾತ್ರೆ ಎತ್ತಿಕೊಂಡರು. ಬೆಳಕಿಗೆ ಹಿಡಿದರು. ತಟ್ಟಿದರು, ಕಿವಿಗೊಟ್ಟರು. ಮತ್ತೆ ತಟ್ಟಿದರು. ಎಂಎಸ್‌ಸಿ ಫಲಿತಾಂಶಕ್ಕೂ ನಾನು ಹಾಗೆ ಕಾದಿರಲಿಲ್ಲ.

"ಒಣಗ್ಯಾದ," ಅಂದರು.

ನನ್ನ ಜನ್ಮದಲ್ಲಿ ನನಗೆ ಸಿಕ್ಕ ಯಾವ ಪದಕಕ್ಕೂ ಅಷ್ಟು ಹಿಗ್ಗಿಲ್ಲ ನಾನು. ಅವಸರದಲ್ಲಿ ಎರಡೂ ಕೈ ಚಾಚಿ ಆ ಪಾತ್ರೆ ತೆಗೆದುಕೊಳ್ಳಲು ಹೋದೆ. ಅಂಬಕ್ಕ ಅದನ್ನು ತಟಕ್ಕನೆ ಹಿಂದಕ್ಕೆ ಎಳೆದುಕೊಂಡರು.

"ಕೈ ತೊಳ್ಕೊಂಡು ಬಾ, ತಂಗಿ," ಅಂದರು. "ಆಮ್ಯಾಲ ಮುಟ್ಟು."